ಹೊಸ ಚೈನ್ ಹಾಕಿಸಿದರೂ ಏರಿನಲ್ಲಿ ಪೆಡಲ್ ಜಾರುತ್ತಿದೆ, ಏನು ಮಾಡಲಿ?

ಕಾಫಿಸೀಮೆ ಸವಾರ:
ನಮಸ್ಕಾರ. ಎರಡು ತಿಂಗಳ ಹಿಂದೆ ಚಿಕ್ಕಮಗಳೂರಿನಲ್ಲಿ 1,800 ರೂಪಾಯಿಗೆ ಒಂದು ಹಳೇ ಸೈಕಲ್ ತಗೊಂಡೆ. ಗೇರ್ ಇಲ್ಲದ, ಕ್ಯಾರಿಯರ್ ಇರುವ ಸಾದಾ ಸೈಕಲ್. ಹಿರೇಮಗಳೂರಿನಿಂದ ಪೇಟೆಗೆ ದಿನಾ ಅದರಲ್ಲೇ ಓಡಾಟ. ಮುಳ್ಳಯ್ಯನಗಿರಿ ಹತ್ತುವ ಆಸೆಯೇನೂ ಇಲ್ಲ. ಆದರೆ ಸಣ್ಣ ಏರಿನಲ್ಲಿ ಎದ್ದು ನಿಂತು ತುಳಿದರೂ ‘ಕಟಕ್’ ಅಂತ ಪೆಡಲ್ ಖಾಲಿ ಹೋಗುತ್ತದೆ. ಮೊನ್ನೆ ಮೊಣಕಾಲು ಹ್ಯಾಂಡಲ್‌ಗೆ ಬಡಿದು ಊದಿಕೊಂಡಿತು. ಅಂಗಡಿಯವರು ಸರ್ವಿಸ್ ಮಾಡಿ ಹೊಸ ಚೈನ್ ಹಾಕಿಕೊಟ್ಟರು. ಈಗ ಮೊದಲಿಗಿಂತ ಜಾಸ್ತಿ ಜಾರುತ್ತಿದೆ! ಮಾರಿಬಿಡಲಾ?

ಹಾಸನದ ಹಳೇಸೈಕಲ್:
ಮಾರಬೇಡಿ ಸರ್. ಇದು ಫ್ರೀವೀಲ್ (ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲಿನ ಗಾಲಿ) ಹಲ್ಲಿನ ಕಾಟ ಅನಿಸುತ್ತದೆ. ಚೈನ್ ಓಡಿ ಓಡಿ ಪಿನ್ನುಗಳು ಸವೆದು ಉದ್ದ ಬರುತ್ತದೆ. ಹಲ್ಲುಗಳೂ ಅದಕ್ಕೆ ತಕ್ಕಂತೆ ಸವೆಯುತ್ತವೆ. ಹಳೇ ಜೋಡಿ ಹೇಗೋ ಹೊಂದಿಕೊಂಡು ಓಡುತ್ತಿರುತ್ತದೆ. ಹೊಸ ಚೈನ್ ಆ ಹಲ್ಲುಗಳಲ್ಲಿ ಸರಿಯಾಗಿ ಕೂರುವುದಿಲ್ಲ, ಜೋರಾಗಿ ತುಳಿದರೆ ಹಾರುತ್ತದೆ.

ಆದರೂ ಊಹೆ ಮೇಲೆ ದುಡ್ಡು ಹಾಕಬೇಡಿ. ಹಿಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು, ಪಕ್ಕದಲ್ಲಿ ನಿಂತು ಪೆಡಲ್ ಒತ್ತಿ. ಇನ್ನೊಬ್ಬರು ಹಿಂದಿನ ಚಕ್ರ ನೋಡಲಿ, ಚೈನ್ ಹತ್ತಿರ ಬೆರಳು ಬೇಡ. ಚೈನ್ ಹಲ್ಲು ಬಿಟ್ಟು ಹಾರಿದರೆ ನಾನು ಹೇಳಿದ್ದೇ ಸರಿ. ಚೈನ್ ಹಲ್ಲಿನಲ್ಲೇ ಕೂತಿದ್ದು, ಫ್ರೀವೀಲ್ ಮಾತ್ರ ಗಿರ್ರನೆ ತಿರುಗಿದರೆ ತೊಂದರೆ ಅದರ ಒಳಗೆ. ಎರಡೂ ಅಲ್ಲದೆ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ‘ಟಕ್’ ಅಂದರೆ ಕಾಟರ್ ಪಿನ್ (ಪೆಡಲಿನ ಕಡ್ಡಿಯನ್ನು ನಡುವಿನ ಅಚ್ಚಿಗೆ ಬಿಗಿಯುವ ಪಿನ್) ಸಡಿಲ ಇರಬಹುದು.

ಕಾಫಿಸೀಮೆ ಸವಾರ:
ತಮ್ಮನನ್ನು ಕೂರಿಸಿ ನೋಡಿಸಿದೆ. ಚೈನ್ ಹಾರುವುದಿಲ್ಲ, ಫ್ರೀವೀಲ್ ಪೂರ್ತಿ ತಿರುಗುತ್ತದೆ. ಇನ್ನೊಂದು ವಿಷಯ, ಬೆಳಗಿನ ಚಳಿಯಲ್ಲಿ ಜಾಸ್ತಿ, ಮಧ್ಯಾಹ್ನ ಕಡಿಮೆ. ಇಳಿಜಾರಿನಲ್ಲಿ ಬರುತ್ತಿದ್ದ ‘ಟಿಕ್ ಟಿಕ್’ ಸದ್ದೂ ಈಗ ಇಲ್ಲ.

ಸಕಲೇಶಪುರದ ಮಳೆ:
ಸರ್ವಿಸ್ ಮಾಡುವಾಗ ಫ್ರೀವೀಲ್ ಒಳಗೆ ಗ್ರೀಸ್ ತುಂಬಿರಬೇಕು, ನೋಡಿ! ಅದರೊಳಗೆ ಪುಟ್ಟ ಉಕ್ಕಿನ ತುಂಡುಗಳಿರುತ್ತವೆ. ಸಣ್ಣ ಸ್ಪ್ರಿಂಗ್ ಅವನ್ನು ಹೊರಗೆ ತಳ್ಳಿದಾಗಲೇ ಹಲ್ಲು ಕಚ್ಚಿ ಚಕ್ರ ತಿರುಗುತ್ತದೆ. ಆ ‘ಟಿಕ್ ಟಿಕ್’ ಅವುಗಳದ್ದೇ. ಚಳಿಗೆ ಗ್ರೀಸ್ ಗಟ್ಟಿಯಾದರೆ ಅವು ಅಂಟಿಕೊಂಡು ಮೇಲೇಳುವುದಿಲ್ಲ. ನಮ್ಮ ಕಡೆ ಕೆಸರು ಹೋಗಲಿ ಅಂತ ಪಂಪಿನ ನೀರು ಹೊಡೆದು ತೊಳೆಯುತ್ತಾರಲ್ಲ, ಒಳಗೆ ತುಕ್ಕು ಬಂದು ಆಗಲೂ ಇದೇ ಕಥೆ.

ಚಕ್ರ ಬಿಚ್ಚಿ, ಫ್ರೀವೀಲ್ ಮೇಲೆ ಬರುವಂತೆ ಮಲಗಿಸಿ. ತಿರುಗುವ ಭಾಗ ಮತ್ತು ತಿರುಗದ ಭಾಗದ ನಡುವಿನ ಸಂದಿಗೆ ಡೀಸೆಲ್ ಬಿಟ್ಟು ಹಿಂದಕ್ಕೆ ತಿರುಗಿಸುತ್ತಿರಿ. ಕಪ್ಪು ಹೋಗಿ ತಿಳಿಯಾಗಿ ಇಳಿಯುವವರೆಗೆ ಬಿಡಬೇಡಿ. ಟೈರ್ ಮತ್ತು ರಿಮ್‌ಗೆ ತಾಗದಂತೆ ಬಟ್ಟೆ ಸುತ್ತಿ, ಇಲ್ಲದಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ರಾತ್ರಿ ಆರಲು ಬಿಟ್ಟು ಹೊಲಿಗೆ ಮಿಷನ್ ಎಣ್ಣೆ ನಾಲ್ಕೈದು ಹನಿ ಹಾಕಿ. ಗ್ರೀಸ್ ಏನಿದ್ದರೂ ಚಕ್ರದ ನಡುವಿನ ಹಬ್ಬಿನ ಬಾಲ್ಸ್‌ಗೆ.

ಕಾಫಿಸೀಮೆ ಸವಾರ:
ಸದ್ದು ವಾಪಸ್ ಬಂತು! ಮೂರು ದಿನದಿಂದ ಬೆಳಿಗ್ಗೆ ಆರಕ್ಕೇ ಓಡಿಸುತ್ತಿದ್ದೇನೆ, ಒಮ್ಮೆಯೂ ಜಾರಲಿಲ್ಲ. ಏರಿನಲ್ಲಿ ತುಳಿಯಲು ಮಾತ್ರ ಇನ್ನೂ ಭಾರ.

ಹಾಸನದ ಹಳೇಸೈಕಲ್:
ನನ್ನ ಊಹೆ ತಪ್ಪಾಯಿತು, ಒಳ್ಳೆಯದೇ ಆಯಿತು. ಹಲ್ಲು ಎಣಿಸಿ. ಮುಂದೆ 44, ಹಿಂದೆ 18 ಇದ್ದರೆ ಒಂದು ಸುತ್ತು ತುಳಿದಾಗ ಚಕ್ರ 2.44 ಸುತ್ತು ತಿರುಗುತ್ತದೆ. ಹಿಂದೆ 20 ಹಲ್ಲಿನದು ಹಾಕಿಸಿದರೆ 2.2. ಭಾರ ಹತ್ತರಲ್ಲಿ ಒಂದು ಪಾಲು ಇಳಿಯುತ್ತದೆ, ಸಮತಟ್ಟಿನಲ್ಲಿ ವೇಗವೂ ಅಷ್ಟೇ ಇಳಿಯುತ್ತದೆ. ಈಗಲೇ ಬೇಡ, ಇದು ಸವೆದ ಮೇಲೆ ನೋಡಿ. ಅಂದಹಾಗೆ, ತೆಗೆದ ಹಳೇ ಚೈನ್ ಇದ್ದರೆ 24 ಕೊಂಡಿ ಅಳೆಯಿರಿ. ಹೊಸದರಲ್ಲಿ ಸರಿಯಾಗಿ 12 ಇಂಚು ಇರುತ್ತದೆ. ಮೂರು ಮಿಲಿಮೀಟರ್ ಹೆಚ್ಚಿಗೆ ಬಂದಿಲ್ಲ ಅಂದರೆ ಅದನ್ನು ಬದಲಿಸುವ ಅಗತ್ಯವೇ ಇರಲಿಲ್ಲ.

ಕಾಫಿಸೀಮೆ ಸವಾರ:
ಅದನ್ನು ಅಂಗಡಿಯಲ್ಲೇ ಬಿಟ್ಟು ಬಂದೆ. ಛೇ.