ಪದಚರ್ಚೆ: ಬ್ರಿಜ್ ಆಡುವ ರೋಬೋ ‘ಅಂದಿತು’ ಸರಿಯೋ, ‘ಅಂದರು’ ಸರಿಯೋ?

ಎಲ್ಲರಿಗೂ ನಮಸ್ಕಾರ.

ನಾವು ಕೆಲವು ಗೆಳೆಯರು ಆನ್‌ಲೈನಿನಲ್ಲಿ ಬ್ರಿಜ್ ಆಡುತ್ತೇವೆ. ಒಬ್ಬರು ಬೆಂಗಳೂರಿನವರು, ಒಬ್ಬರು ಉಡುಪಿ ಕಡೆಯವರು, ಇನ್ನೊಬ್ಬರು ಅಮೆರಿಕದಲ್ಲಿದ್ದಾರೆ. ಎಲ್ಲರಿಗೂ ಒಟ್ಟಿಗೆ ಬಿಡುವಾಗುವುದು ಕಷ್ಟ. ನಾಲ್ಕು ಜನ ಕೂಡದಿದ್ದಾಗ ಖಾಲಿ ಜಾಗಕ್ಕೆ ರೋಬೋ ಬಂದು ಕೂರುತ್ತದೆ. ಇಸ್ಪೀಟು ಚೆನ್ನಾಗಿ ಗೊತ್ತಿದ್ದು ಬ್ರಿಜ್ ಗೊತ್ತಿಲ್ಲದ ಕನ್ನಡದವರಿಗೆ ಒಂದು ಚಿಕ್ಕ ಕೈಪಿಡಿ ಬರೆಯೋಣ ಅಂತ ಈಗ ಹೊರಟಿದ್ದೇವೆ. ಬರೆಯಲು ಕೂತರೆ ಕ್ರಿಯಾಪದದ ಕೊನೆಯಲ್ಲೇ ಸಿಕ್ಕಿಕೊಂಡೆವು. ಅದಕ್ಕೇ ಈ ಪತ್ರ.

ಆಟ ಗೊತ್ತಿಲ್ಲದವರಿಗೆ ಒಂದಿಷ್ಟು ಹಿನ್ನೆಲೆ. ನಾಲ್ಕು ಜನ, ಎರಡು ಜೋಡಿ. ಜೋಡಿಯವರು ಎದುರುಬದುರು ಕೂರುತ್ತಾರೆ. 52 ಎಲೆ, ತಲೆಗೆ 13. ಮೊದಲು ಹರಾಜು: ಯಾವುದು ತುರುಫು, ನಮ್ಮ ಜೋಡಿ ಎಷ್ಟು ಗೆಲ್ಲುತ್ತದೆ ಅಂತ ಒಬ್ಬರ ಮೇಲೊಬ್ಬರು ಏರಿಸುತ್ತಾ ಹೋಗಬೇಕು. ಆಮೇಲೆ ಎಲೆ ಹಾಕುವ ಆಟ. ಇಪ್ಪತ್ತೆಂಟು ಎಂಬ ಇಸ್ಪೀಟಾಟ ಆಡಿದವರಿಗೆ ಇದರ ಅರ್ಧ ಆಗಲೇ ಗೊತ್ತಿದೆ ಅಂದುಕೊಳ್ಳಿ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಚಿನ್ನ ಗೆದ್ದದ್ದು ಇದೇ ಆಟದಲ್ಲಿ.

ಈಗ ಪ್ರಶ್ನೆಗೆ ಬರುತ್ತೇನೆ. ನನ್ನ ಎದುರಿಗಿರುವ ರೋಬೋ ಪಾಸ್ ಮಾಡಿದೆ, ಅಂದರೆ ಹರಾಜಿನಲ್ಲಿ ಏರಿಸದೆ ಬಿಟ್ಟಿದೆ ಅನ್ನಿ. ಕೈಪಿಡಿಯಲ್ಲಿ ‘ರೋಬೋ ಪಾಸ್ ಅಂದಿತು’ ಅಂತ ಬರೆಯಬೇಕೋ, ‘ಪಾಸ್ ಅಂದರು’ ಅಂತಲೋ? ಯಂತ್ರ ತಾನೇ, ‘ಅಂದಿತು’ ಅಂದರೆ ಮುಗಿಯಿತು ಅನ್ನಿಸಬಹುದು. ಆದರೆ ಅದೇ ಮೇಜಿನಲ್ಲಿ ಮನುಷ್ಯರೂ ಇರುತ್ತಾರೆ. ಅದೇ ಜಾಗದಲ್ಲಿ ಈ ಆಟಕ್ಕೆ ರೋಬೋ, ಮುಂದಿನದಕ್ಕೆ ಗೆಳೆಯರು ಕೂರುತ್ತಾರೆ. ಒಂದೇ ಹರಾಜನ್ನು ವಿವರಿಸುವಾಗ ‘ಎಡಗಡೆಯವರು ಏರಿಸಿದರು, ಎದುರಿಗಿರುವುದು ಪಾಸ್ ಅಂದಿತು, ಬಲಗಡೆಯವರು ಇನ್ನೂ ಏರಿಸಿದರು’ ಅಂತ ಬರೆದರೆ ಓದುವವರ ಗಮನ ಆಟ ಬಿಟ್ಟು ಯಾರು ಯಂತ್ರ, ಯಾರು ಮನುಷ್ಯ ಅನ್ನುವ ಕಡೆ ಹೋಗುತ್ತದೆ. ಮನುಷ್ಯರ ವಿಷಯದಲ್ಲಿ ‘ಅವರು’ ಬಿಟ್ಟರೆ ನಮಗೆ ಬೇರೆ ದಾರಿಯೂ ಇಲ್ಲ. ಅಡ್ಡಹೆಸರಿನ ಹಿಂದೆ ಇರುವವರು ಗಂಡಸೋ ಹೆಂಗಸೋ, ಹಿರಿಯರೋ ಕಿರಿಯರೋ ಗೊತ್ತಾಗುವುದಿಲ್ಲ.

ಕನ್ನಡದಲ್ಲಿ ‘ಅದು’ ಎಂಬುದು ಬರೀ ಜೀವವಿಲ್ಲದ ವಸ್ತುಗಳಿಗೆ ಮೀಸಲಲ್ಲ, ಅಲ್ವಾ? ಮಗು ನಕ್ಕಿತು ಅನ್ನುತ್ತೇವೆ. ಅದರಲ್ಲಿ ಅಗೌರವ ಏನೂ ಇಲ್ಲ, ಪ್ರೀತಿಯೇ ಇದೆ. ಇಸ್ಪೀಟಿನಲ್ಲಂತೂ ಇನ್ನೂ ಚೆಂದದ ಬಳಕೆ ಇದೆ. ‘ರಾಜನನ್ನು ಹಾಕಿದೆ’ ಅನ್ನುತ್ತೇವೆ, ‘ರಾಜನಿಗೆ ಮೂರು ಪಾಯಿಂಟು’ ಅನ್ನುತ್ತೇವೆ. ಇಲ್ಲೆಲ್ಲ ವಿಭಕ್ತಿ ಮನುಷ್ಯರದ್ದು. ಆದರೆ ಕ್ರಿಯಾಪದ ಬಂದ ಕೂಡಲೇ ‘ರಾಜ ಬಿತ್ತು’, ‘ರಾಣಿ ಯಾರ ಹತ್ತಿರ ಇದೆ?’ ಎಂದೇ ಕೇಳುತ್ತೇವೆ. ‘ರಾಣಿ ಬಿದ್ದಳು’ ಅಂತ ಇಸ್ಪೀಟು ಆಡುವವರ ಬಾಯಲ್ಲಿ ನಾನಂತೂ ಕೇಳಿಲ್ಲ. ಹೆಸರು ಮನುಷ್ಯರಂತೆ ನಡೆಯುತ್ತದೆ, ಕ್ರಿಯೆ ವಸ್ತುವಿನಂತೆ ಮುಗಿಯುತ್ತದೆ. ಹೀಗೆ ಎರಡೂ ಬೆರೆತ ರೂಪ ಎಲೆಗಳಿಗೆ ಆಗಲೇ ಇರುವಾಗ ರೋಬೋಗೂ ಅದು ಒಪ್ಪುತ್ತದೆಯೇ? ‘ನನ್ನ ಜೊತೆಗಾರನನ್ನು ನಂಬಿದೆ, ಅದು ತುರುಫು ಹಾಕಿತು’ ಎಂಬ ವಾಕ್ಯ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ವ್ಯಾಕರಣ ಬಲ್ಲವರು ಈ ಇಸ್ಪೀಟಿನ ಬಳಕೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಿದರೆ ತುಂಬ ಉಪಕಾರ.

ಇನ್ನೊಂದು ತೊಡಕು ಕ್ರಿಯಾಪದದ ಆಯ್ಕೆಯದು. ರೋಬೋ ‘ಯೋಚಿಸಿತು’, ‘ಅಂದುಕೊಂಡಿತು’, ‘ಊಹಿಸಿತು’ ಅಂತೆಲ್ಲ ಬರೆಯಬಹುದೇ? ಒಬ್ಬರಿಗೆ ಇದು ಒಪ್ಪಿಗೆಯಿಲ್ಲ. ನನಗೂ ಪೂರ್ತಿ ಸಮಾಧಾನವಿಲ್ಲ. ಬ್ರಿಜ್ ಆಡುವ ಜಾಲತಾಣ ಬ್ರಿಜ್ ಬೇಸ್ ಆನ್‌ಲೈನ್ 2001ರಲ್ಲಿ ಶುರುವಾಯಿತು. ಅಲ್ಲಿನ ರೋಬೋಗಳ ಮೂಲ ಜಿಐಬಿ ಎಂಬ ಪ್ರೋಗ್ರಾಂ. ಅದನ್ನು ಬರೆದವರು ಮ್ಯಾಥ್ಯೂ ಗಿನ್ಸ್‌ಬರ್ಗ್. ಕಂಪ್ಯೂಟರುಗಳ ವಿಶ್ವ ಬ್ರಿಜ್ ಪಂದ್ಯವನ್ನು 1998 ಮತ್ತು 1999ರಲ್ಲಿ ಗೆದ್ದ ಪ್ರೋಗ್ರಾಂ ಅದು. ಅದು ಎಲೆ ಆಯುವ ಕ್ರಮ ಹೀಗಿದೆ: ಕಾಣದ ಎಲೆಗಳನ್ನು ಒಳಗೊಳಗೇ ಬೇರೆ ಬೇರೆ ಬಗೆಯಲ್ಲಿ ಹಂಚಿ ನೋಡುತ್ತದೆ. ಹರಾಜಿನಲ್ಲಿ ಬಂದ ಮಾತಿಗೆ ಹೊಂದುವ ಹಂಚಿಕೆಗಳನ್ನು ಇಟ್ಟುಕೊಳ್ಳುತ್ತದೆ. ಆ ಒಂದೊಂದರಲ್ಲೂ ನಾಲ್ವರ ಎಲೆಗಳನ್ನೂ ಬಿಚ್ಚಿಟ್ಟ ಹಾಗೆ ಕೊನೆಯವರೆಗೂ ಲೆಕ್ಕ ಹಾಕುತ್ತದೆ. ಸರಾಸರಿಯಲ್ಲಿ ಯಾವ ಎಲೆಯಿಂದ ಲಾಭ ಜಾಸ್ತಿಯೋ ಅದನ್ನು ಹಾಕುತ್ತದೆ.

ಇದಕ್ಕೆ ಯಾವ ಪದ? ಉಡುಪಿ ಕಡೆಯ ಗೆಳೆಯರು ಒಂದು ಸಲ ಸಹಜವಾಗಿ ‘ಅದು ಹಾಗೆ ಎಣಿಸಿತು ಮಾರಾಯ್ರೆ’ ಅಂದರು. ನನಗೆ ತುಂಬ ಹಿಡಿಸಿತು. ಎಣಿಸು ಅಂದರೆ ಒಂದು, ಎರಡು, ಮೂರು ಅಂತ ಲೆಕ್ಕ ಮಾಡುವುದು. ಕರಾವಳಿಯ ಮಾತಿನಲ್ಲಿ, ಹಳೆಯ ಬರಹಗಳಲ್ಲಿ ಅಂದುಕೊಳ್ಳು, ಭಾವಿಸು ಎಂಬ ಅರ್ಥವೂ ಉಂಟು. ‘ನಾನು ಹಾಗೆ ಎಣಿಸಿರಲಿಲ್ಲ’ ಎಂದರೆ ಹಾಗೆ ಅಂದುಕೊಂಡಿರಲಿಲ್ಲ ಎಂದೇ. ಮನುಷ್ಯರಾಗಲಿ ರೋಬೋ ಆಗಲಿ, ‘ರಾಣಿ ಎಡಗಡೆ ಇದೆ ಅಂತ ಎಣಿಸಿ ಗುಲಾಮನನ್ನು ಹಾಕಿತು’ ಅಂದರೆ ಲೆಕ್ಕವೂ ಬಂತು, ತೀರ್ಮಾನವೂ ಬಂತು. ಯಂತ್ರಕ್ಕೆ ಮನಸ್ಸಿದೆ ಅಂತ ಹೇಳಿದ ಹಾಗೂ ಆಗಲಿಲ್ಲ. ಆದರೆ ಮೈಸೂರು, ತುಮಕೂರು ಕಡೆಯ ಓದುಗರಿಗೆ ಎಣಿಸು ಅಂದರೆ ಬರೀ ಲೆಕ್ಕ ಮಾಡು ಅಂತಷ್ಟೇ ಅನ್ನಿಸುತ್ತದೆಯೇ? ಉತ್ತರ ಕರ್ನಾಟಕದಲ್ಲಿ ಹೇಗೆ? ಈ ಪತ್ರದಲ್ಲಿ ಒಂದೇ ಪ್ರಶ್ನೆಗೆ ಉತ್ತರಿಸಲು ಸಮಯ ಇದ್ದರೆ ದಯವಿಟ್ಟು ಇದಕ್ಕೆ ಉತ್ತರಿಸಿ.

‘ಸುಳ್ಳು ಹೇಳಿತು’ ಅನ್ನುವುದರ ಬಗ್ಗೆಯೂ ನಮ್ಮಲ್ಲಿ ಜಗ್ಗಾಟ ಇದೆ. ಬ್ರಿಜ್ಜಿನ ಹರಾಜು ಒಂದು ಭಾಷೆಯೇ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1, ಒಟ್ಟು 40 ಪಾಯಿಂಟು. ರೋಬೋ ಮೊದಲಿಗೇ ‘ಒಂದು ನೋಟ್ರಂಪ್’ (ತುರುಫು ಇಲ್ಲದ ಆಟ) ಅಂದರೆ ತನ್ನಲ್ಲಿ 15ರಿಂದ 17 ಪಾಯಿಂಟು ಇದೆ ಅಂತ ಅರ್ಥ. ಅದರ ಮೇಲೆ ಬೆರಳಿಟ್ಟರೆ ಆ ವಿವರ ಪರದೆಯಲ್ಲಿ ಕಾಣುತ್ತದೆ. ಆದರೆ ಕೆಲವೊಮ್ಮೆ ರೋಬೋ ನಿಯಮ ಬಿಟ್ಟು ತನ್ನ ಲೆಕ್ಕದ ಮೇಲೆ ನಡೆಯುತ್ತದೆ. ಆಗ ವಿವರ ಒಂದು, ಕೈಯಲ್ಲಿರುವ ಎಲೆ ಇನ್ನೊಂದು. ಇದನ್ನು ಸುಳ್ಳು ಅನ್ನುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಸುಳ್ಳಿಗೆ ಮೋಸಗೊಳಿಸುವ ಉದ್ದೇಶ ಬೇಕು. ‘ವಿವರಕ್ಕೂ ಕೈಗೂ ತಾಳೆಯಾಗಲಿಲ್ಲ’ ಅಂದರೆ ಸಾಕು. ಮನುಷ್ಯರು ಬೇಕೆಂದೇ ಇಲ್ಲದ ಎಲೆಗಳನ್ನು ಇವೆ ಎಂಬಂತೆ ತೋರಿಸುವುದುಂಟು. ಅದು ಆಟದ ನಿಯಮದೊಳಗೇ ಇರುವ ತಂತ್ರ. ಅದಕ್ಕೆ ನಾವು ‘ಬುರುಡೆ ಕೂಗು’ ಅಂತ ಹೆಸರಿಟ್ಟುಕೊಂಡಿದ್ದೇವೆ.

ಕೂಗು ಅನ್ನುವುದನ್ನು ನಾವು ಆಗಲೇ ಒಪ್ಪಿಕೊಂಡಾಗಿದೆ. ‘ಹರಾಜು ಕೂಗುವುದು’, ‘ಸವಾಲು ಕೂಗುವುದು’ ನಮ್ಮ ಊರುಗಳ ಮಾತು. ಇಂಗ್ಲಿಷಿನಲ್ಲಿ ಕಾಲ್ ಬೇರೆ, ಬಿಡ್ ಬೇರೆ. ಪಾಸ್, ಡಬಲ್ (ಎದುರು ಪಕ್ಷದ ಸವಾಲಿನ ಪಣ ಹೆಚ್ಚಿಸುವುದು), ರೀಡಬಲ್ (ಅದನ್ನು ಇನ್ನೂ ಹೆಚ್ಚಿಸುವುದು) ಎಲ್ಲ ಸೇರಿದ್ದು ಕಾಲ್. ‘ಎರಡು ಆಟೀನು’, ‘ಮೂರು ಇಸ್ಪೀಟು’ ಅಂತ ಏರಿಸುವುದು ಮಾತ್ರ ಬಿಡ್. ಕನ್ನಡದಲ್ಲಿ ಕಾಲ್‌ಗೆ ಕೂಗು, ಬಿಡ್‌ಗೆ ಸವಾಲು ಅಂತ ಇಟ್ಟರೆ ಆ ಭೇದ ಸಲೀಸಾಗಿ ಬರುತ್ತದೆ. ಪರದೆಯ ಮೇಲೆ ಯಾರೂ ಕೂಗುವುದಿಲ್ಲವಲ್ಲ ಅಂತ ಒಬ್ಬರು ಆಕ್ಷೇಪಿಸಿದರು. ಕ್ಲಬ್ಬುಗಳಲ್ಲೂ ಈಗ ಯಾರೂ ಕೂಗುವುದಿಲ್ಲ, ಪೆಟ್ಟಿಗೆಯಿಂದ ಚೀಟಿ ತೆಗೆದು ಮೇಜಿನ ಮೇಲಿಡುತ್ತಾರೆ. ಹಾಗಿದ್ದೂ ಇಂಗ್ಲಿಷಿನವರು ಕಾಲ್ ಬಿಟ್ಟಿಲ್ಲ. ನಾವೂ ಕೂಗು ಬಿಡಬೇಕಿಲ್ಲ.

ತುರುಫು, ಕಳಾವರ್ ಬಗ್ಗೆ ಚರ್ಚೆಯೇ ಬೇಡ. ಡಚ್ ಭಾಷೆಯ ಟ್ರೂಫ್, ಕ್ಲಾವರ್ ಎಂಬ ಪದಗಳು ನಮ್ಮ ನಾಲಗೆಗೆ ಒಗ್ಗಿದ ರೂಪ ಇವು. ಟ್ರಂಪ್ ಅಂತ ಬರೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ತಲೆತಲಾಂತರದಿಂದ ಹಳ್ಳಿ ಕಟ್ಟೆಯ ಮೇಲೆ ಸವೆದು ನುಣುಪಾದ ಪದ ಕೈಯಲ್ಲೇ ಇರುವಾಗ ಇನ್ನೊಂದು ಯಾಕೆ? ಬ್ರಿಜ್ ಎಂಬ ಹೆಸರನ್ನೂ ಹಾಗೇ ಬಿಡೋಣ. ಆ ಹೆಸರು ಬಂದದ್ದು 1880ರ ದಶಕದಲ್ಲಿ ಕಾಣಿಸಿಕೊಂಡ ‘ಬಿರಿಚ್’ ಎಂಬ ಆಟದಿಂದ ಅನ್ನುತ್ತಾರೆ. ಸೇತುವೆಗೂ ಅದಕ್ಕೂ ನಂಟಿಲ್ಲ.

ದಿಕ್ಕುಗಳ ವಿಷಯ ಮಾತ್ರ ಗಟ್ಟಿಯಾಗಿ ಕೇಳಬೇಕಿದೆ. ಬ್ರಿಜ್ಜಿನಲ್ಲಿ ನಾಲ್ಕು ಜಾಗಗಳಿಗೆ ನಾಲ್ಕು ದಿಕ್ಕಿನ ಹೆಸರು. ರೋಬೋಗಳ ಜೊತೆ ಒಬ್ಬರೇ ಆಡುವಾಗ ನಾವು ಸಾಮಾನ್ಯವಾಗಿ ದಕ್ಷಿಣ, ಜೊತೆಗಾರ ರೋಬೋ ಉತ್ತರ. ಜೊತೆಗಾರರ ಕೂಗಿಗೆ ಮರುಕೂಗು ಕೊಡುವುದಕ್ಕೂ ‘ಉತ್ತರ’ ಅಂತಲೇ ಬರೆದರೆ ‘ಉತ್ತರದ ಉತ್ತರ’ ಅಂತಾಗಿ ಹೊಸಬರು ತಬ್ಬಿಬ್ಬಾಗುತ್ತಾರೆ. ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮಕ್ಕೆ ಬಡಗು, ತೆಂಕು, ಮೂಡು, ಪಡು ಅಂತ ಇಟ್ಟರೆ ಹೇಗೆ? ಯಕ್ಷಗಾನದ ಬಡಗುತಿಟ್ಟು, ತೆಂಕುತಿಟ್ಟು ಎಲ್ಲರಿಗೂ ಗೊತ್ತು. ಪದಗಳು ಚಿಕ್ಕವು, ಹರಾಜಿನ ಪಟ್ಟಿಯ ಮೇಲೆ ಬರೆಯಲೂ ಸಲೀಸು.

ಇಲ್ಲೇ ಮೊದಲ ಪ್ರಶ್ನೆಗೂ ಒಂದು ದಾರಿ ಕಾಣುತ್ತದೆ. ಇಸ್ಪೀಟಿನಲ್ಲಿ ‘ಒಂದು ಕೈ ಕಡಿಮೆ ಇದೆ, ಬನ್ನಿ’ ಅಂತ ಕರೆಯುತ್ತೇವೆ. ಕೈ ಅಂದರೆ ಆಡುವವರೂ ಹೌದು, ಅವರ ಹತ್ತಿರದ ಎಲೆಗಳೂ ಹೌದು. ‘ಬಡಗು ಕೈ ಪಾಸ್ ಅಂದಿತು, ಮೂಡು ಕೈ ಡಬಲ್ ಅಂದಿತು’ ಅಂತ ಬರೆದರೆ ಅಲ್ಲಿ ಕೂತವರು ಯಾರಾದರೂ ಕ್ರಿಯಾಪದ ಒಂದೇ. ಗಂಡು, ಹೆಣ್ಣು, ಯಂತ್ರ ಎಂಬ ಪ್ರಶ್ನೆಯೇ ಏಳುವುದಿಲ್ಲ. ಕೈಪಿಡಿಯಲ್ಲಿ ಆಟ ವಿವರಿಸುವಾಗ ಹೀಗೇ ಬರೆಯಬೇಕು ಅಂತ ನನ್ನ ಮನಸ್ಸು. ಮಾತಿನಲ್ಲಿ ಗೆಳೆಯರಿಗೆ ಅವರು, ರೋಬೋಗೆ ಅದು ಇದ್ದೇ ಇರುತ್ತದೆ.

‘ಎದುರಾಳಿ’ ಎಂಬ ಪದವನ್ನೂ ಬಿಡಬೇಕಾಗಿ ಬಂದಿದೆ. ಈ ಆಟದಲ್ಲಿ ಎದುರಿಗೆ ಕೂತವರು ನಮ್ಮವರು. ಎದುರಾಳಿಗಳು ಕೂರುವುದು ಎಡಬಲಕ್ಕೆ. ಅದಕ್ಕೇ ‘ಪಕ್ಕದ ಜೋಡಿ’ ಅಂತ ಬರೆಯುತ್ತಿದ್ದೇವೆ. ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ.

ಡಮ್ಮಿ ನಮಗೆ ನಿಜಕ್ಕೂ ಕಷ್ಟ ಕೊಟ್ಟಿದೆ. ಹರಾಜು ಗೆದ್ದವರ ಜೊತೆಗಾರರು ತಮ್ಮ ಎಲ್ಲ ಎಲೆಗಳನ್ನೂ ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ನೆ ಕೂರುತ್ತಾರೆ. ಅವರ ಎಲೆಗಳನ್ನೂ ಗೆದ್ದವರೇ ಆಡುತ್ತಾರೆ. ಇಂಗ್ಲಿಷಿನಲ್ಲಿ ಡಮ್ಮಿ ಹುಟ್ಟಿದ್ದು ಮೂಕ ಎಂಬ ಅರ್ಥದ ಪದದಿಂದ. ಫ್ರೆಂಚರು ‘ಸತ್ತವನು’ ಅಂತಲೇ ಕರೆಯುತ್ತಾರೆ. ಕನ್ನಡದಲ್ಲಿ ಈಗ ಡಮ್ಮಿ ಅಂದರೆ ನಕಲಿ, ಹೆಸರಿಗೆ ಮಾತ್ರ ಇರುವುದು. ಡಮ್ಮಿ ಪಿಸ್ತೂಲು, ಡಮ್ಮಿ ಅಭ್ಯರ್ಥಿ ಇತ್ಯಾದಿ. ಎಷ್ಟೋ ರೋಬೋ ಆಟಗಳಲ್ಲಿ ರೋಬೋ ಹರಾಜು ಗೆದ್ದರೂ ಜಾಗ ಬದಲಾಗಿ ಆಡುವ ಅವಕಾಶ ಮನುಷ್ಯರಿಗೇ ಸಿಗುತ್ತದೆ, ಜೊತೆಗಾರ ರೋಬೋ ಡಮ್ಮಿಯಾಗುತ್ತದೆ. ಆಗ ‘ಡಮ್ಮಿ ರೋಬೋ’ ಅಂತ ಬರೆದರೆ ಅದು ನಕಲಿ ರೋಬೋ ಅಂತ ಓದುವವರು ತಿಳಿದುಕೊಳ್ಳುತ್ತಾರೆ. ‘ಮೌನಿ’ ಅಂತ ಒಬ್ಬರು ಸೂಚಿಸಿದರು. ಸೊಗಸಾದ ಪದ. ಆದರೆ ಅದಕ್ಕೆ ಸನ್ಯಾಸಿಗಳ ಛಾಯೆ ಜಾಸ್ತಿ ಆಯಿತೇ? ‘ತೆರೆದ ಕೈ’ ನನ್ನ ಸೂಚನೆ. ಬಡಗು ಕೈ, ಮೂಡು ಕೈ ಇದ್ದ ಮೇಲೆ ತೆರೆದ ಕೈಯೂ ಹೊಂದುತ್ತದೆ.

1925ರಲ್ಲಿ ಹೆರಾಲ್ಡ್ ವಾಂಡರ್‌ಬಿಲ್ಟ್ ಎಂಬವರು ಲಾಸ್ ಏಂಜಲಿಸ್‌ನಿಂದ ಪನಾಮಾ ಕಾಲುವೆ ದಾಟಿ ಹವಾನಾಗೆ ಹೋಗುವ ಹಡಗಿನಲ್ಲಿ ಈಗಿನ ಬ್ರಿಜ್ಜಿನ ಅಂಕಪದ್ಧತಿ ರೂಪಿಸಿದರು. ಒಂದು ಆಟ ಗೆದ್ದ ಮೇಲೆ ದಂಡ ಹೆಚ್ಚಾಗುವ ಜೋಡಿಗೆ ‘ವಲ್ನರಬಲ್’ ಎಂಬ ಹೆಸರು ಸೂಚಿಸಿದ್ದು ಅದೇ ಹಡಗಿನಲ್ಲಿದ್ದ ಒಬ್ಬ ಯುವತಿ. ಆಕೆಯ ಹೆಸರು ಯಾರೂ ಬರೆದಿಡಲಿಲ್ಲ, ಪದ ಜಗತ್ತಿನಾದ್ಯಂತ ಉಳಿಯಿತು. ಇದಕ್ಕೆ ಕನ್ನಡದಲ್ಲಿ ನಮಗೆ ಇನ್ನೂ ಏನೂ ಹೊಳೆದಿಲ್ಲ. ‘ದುರ್ಬಲ’ ಸಲ್ಲದು, ಯಾಕೆಂದರೆ ಆ ಜೋಡಿ ಸೋಲುತ್ತಿಲ್ಲ, ಗೆದ್ದಿರುವುದರಿಂದಲೇ ಅಪಾಯ ಹೆಚ್ಚು.

ಇನ್ನು ಟ್ರಿಕ್. ನಾಲ್ವರು ಒಂದೊಂದು ಎಲೆ ಹಾಕಿ, ದೊಡ್ಡ ಎಲೆಯವರು ನಾಲ್ಕನ್ನೂ ಎತ್ತಿಕೊಳ್ಳುತ್ತಾರಲ್ಲ, ಆ ನಾಲ್ಕೆಲೆಯ ಕಟ್ಟಿಗೆ ನಿಮ್ಮ ಊರಲ್ಲಿ, ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ನಮ್ಮ ಗುಂಪಿನಲ್ಲೇ ಒಬ್ಬೊಬ್ಬರದು ಒಂದೊಂದು. ಊರಿನ ಹೆಸರು, ಆಡುತ್ತಿದ್ದ ಆಟದ ಹೆಸರು ಎರಡನ್ನೂ ಸೇರಿಸಿ ಬರೆಯಿರಿ. ಹಿರಿಯರನ್ನು ಕೇಳಿ ಬರೆದರೆ ಇನ್ನೂ ಒಳ್ಳೆಯದು.

ವಂದನೆಗಳು.