ಚಾಪ್ಲಿನ್ ವೇಷ: ಮೀಸೆ ನಿಲ್ಲುತ್ತಿಲ್ಲ, ನಡಿಗೆ ಕೂಡುತ್ತಿಲ್ಲ

ನಾಟಕದಮೇಷ್ಟ್ರು:
ಹೈಸ್ಕೂಲ್ ವಾರ್ಷಿಕೋತ್ಸವಕ್ಕೆ 8 ನಿಮಿಷದ ಮೂಕಾಭಿನಯ, ಪಾತ್ರ ಚಾಪ್ಲಿನ್‌ನ ‘ಟ್ರ್ಯಾಂಪ್’, ಅಂದರೆ ಅಲೆಮಾರಿ. ಬಾಡಿಗೆ ಸೆಟ್ ಹಾಕಿದರೆ ಹುಡುಗ ಮದುವೆ ಬ್ಯಾಂಡಿನವನ ಹಾಗೆ ಕಾಣ್ತಾನೆ. ಮೀಸೆ ಬೆವರಿಗೆ ಕಳಚುತ್ತೆ. ನಡೆದರೆ ಕುಣಿದ ಹಾಗಿರುತ್ತೆ. ಏನು ಮಾಡೋದು?

ಮೂಕಿಪ್ರಿಯ:
ಸೆಟ್‌ನಲ್ಲಿ ಎಲ್ಲವೂ ಅಳತೆಗೆ ಸರಿಯಾಗಿರುತ್ತೆ, ಅದೇ ತೊಂದರೆ. 1914ರಲ್ಲಿ ಕೀಸ್ಟೋನ್ ಸ್ಟುಡಿಯೋದಲ್ಲಿ ಈ ವೇಷ ಹುಟ್ಟಿದ್ದೇ ಒಂದಕ್ಕೊಂದು ಹೊಂದದ ಹಾಗೆ: ಪ್ಯಾಂಟು ದೊಗಳೆ, ಕೋಟು ಬಿಗಿ, ಹ್ಯಾಟು ಚಿಕ್ಕದು, ಬೂಟು ದೊಡ್ಡದು. ಕೋಟು ಒಂದು ಸೈಜ್ ಕಡಿಮೆ ತಗೊಂಡು ಮೇಲಿನ ಗುಂಡಿ ಮಾತ್ರ ಹಾಕಿಸಿ. ಪ್ಯಾಂಟಿನ ಸೊಂಟ 4 ಇಂಚು ಹೆಚ್ಚಿರಲಿ. ಕಾಲು ಬೂಟಿನ ಮೇಲೆ ಮುದುರಿ ಬೀಳಲಿ, ಹಿಮ್ಮಡಿ ಕಡೆ ಮಾತ್ರ ಒಳಗೆ ಮಡಿಸಿ ಹೊಲಿಸಿ, ಇಲ್ಲಾಂದ್ರೆ ತುಳಿದು ಎಡವುತ್ತಾನೆ. ಬೂಟು 2 ಸೈಜ್ ದೊಡ್ಡದು ಸಾಕು, ತುದಿಗೆ ಪೇಪರ್ ತುರುಕಿ.

ಟೈ ಬಿಡಬೇಡಿ. 1921ರ ‘ದಿ ಕಿಡ್’ನಲ್ಲಿ ಹರಿದು ಹೋದ ಕೈಗವಸನ್ನು ಒಂದೊಂದೇ ಬೆರಳು ಎಳೆದು ಕಳಚ್ತಾನಲ್ಲ, ಎಂಥಾ ಠೀವಿ! ಬಟ್ಟೆ ಮಾಸಿದ್ದರೂ ಅವನು ತನ್ನ ಲೆಕ್ಕದಲ್ಲಿ ಜಂಟಲ್‌ಮನ್ನೇ. ಭಿಕ್ಷುಕನ ವೇಷ ಕಟ್ಟಿದರೆ ಪಾತ್ರ ಕೆಟ್ಟಿತು.

ಬಣ್ಣದಪೆಟ್ಟಿಗೆ:
ಮೀಸೆ ಕಳಚೋಕೆ ಬೆವರೊಂದೇ ಕಾರಣ ಇರಲಾರದು. ಫೌಂಡೇಶನ್ ಮೇಲೆ ಅಂಟಿಸ್ತಿದ್ದೀರಾ ನೋಡಿ, ಆ ಜಿಡ್ಡಿನ ಮೇಲೆ ಯಾವ ಅಂಟೂ ನಿಲ್ಲಲ್ಲ. ಮೀಸೆ ಮೊದಲು, ಬಣ್ಣ ಆಮೇಲೆ. ಮೂಗಿನ ಕೆಳಗೆ ಸೋಪು ನೀರಲ್ಲಿ ಒರೆಸಿ ಒಣಗಿಸಿ, ಸ್ಪಿರಿಟ್ ಗಮ್ (ಮೀಸೆ-ಗಡ್ಡ ಅಂಟಿಸೋ ಮೇಕಪ್ ಅಂಟು) ತೆಳ್ಳಗೆ ಒಂದೇ ಪದರ ಹಚ್ಚಿ. ಬೆರಳಿಂದ ತಟ್ಟುತ್ತಾ ಇರಿ. ಅಂಟು ಎಳೆಯೆಳೆಯಾಗಿ ಬಂದಾಗ ಮೀಸೆ ಇಟ್ಟು ಒದ್ದೆ ಬಟ್ಟೆಯಲ್ಲಿ ಅರ್ಧ ನಿಮಿಷ ಒತ್ತಿ. ಹಸಿ ಇರುವಾಗಲೇ ಇಟ್ಟರೆ ಜಾರುತ್ತೆ.

ಅಗಲ ಮೂಗಿನಷ್ಟೇ ಇರಲಿ. ಬಾಯಿಯ ಮೂಲೆ ಕಡೆ ಹೋದರೆ ನಕ್ಕಾಗ ಅಂಚು ಏಳುತ್ತೆ. ಮುಖಭಾವ ಮರೆಯಾಗಬಾರದು ಅಂತಲೇ ಚಾಪ್ಲಿನ್ ಅಷ್ಟು ಚಿಕ್ಕ ಮೀಸೆ ಇಟ್ಟಿದ್ದು. ಹಿಂದಿನ ದಿನವೇ ಹುಡುಗನ ಮೊಣಕೈ ಒಳಭಾಗಕ್ಕೆ ಸ್ವಲ್ಪ ಗಮ್ ಹಚ್ಚಿ ನೋಡಿ. ಕೆಂಪಾದರೆ ಮೇಕಪ್ ಪೆನ್ಸಿಲ್‌ನಲ್ಲಿ ಬರೆದುಬಿಡಿ, ಹಿಂದಿನ ಸಾಲಿಗೂ ಕಾಣುತ್ತೆ.

ಮೂಕಿಪ್ರಿಯ:
ನಡಿಗೆ ವಿಷಯ. ಆಗಿನ ಕ್ಯಾಮೆರಾ ಕೈಯಲ್ಲಿ ತಿರುಗಿಸೋದು, ಎಷ್ಟೋ ಸಲ ಸೆಕೆಂಡಿಗೆ 16ರಿಂದ 18 ಫ್ರೇಮ್ ಅಷ್ಟೇ. ಅದನ್ನೇ 24ರಲ್ಲಿ ಓಡಿಸಿದರೆ ಕುಪ್ಪಳಿಸಿದಂತೆ ಕಾಣುತ್ತೆ. ನಿಮ್ಮ ಹುಡುಗ ಅದನ್ನೇ ಕಲಿತಿರಬೇಕು. ಅಂಥ ವಿಡಿಯೋ ಇದ್ದರೆ ಯೂಟ್ಯೂಬ್ ವೇಗ 0.75ಕ್ಕೆ ಇಳಿಸಿ ತೋರಿಸಿ, 18ರ ಲೆಕ್ಕಕ್ಕೆ ಬರುತ್ತೆ. ಹಿಮ್ಮಡಿ ಹತ್ತಿರ, ಪಾದದ ತುದಿ ಹೊರಗೆ, ಬೆನ್ನು ನೆಟ್ಟಗೆ. ಭುಜ ಅಲ್ಲಾಡಬಾರದು. ತಿರುವಿನಲ್ಲಿ ಮಾತ್ರ ಒಂದು ಕಾಲು ಹೊರಗೆ ಚಾಚಿ, ಇನ್ನೊಂದರಲ್ಲಿ ಕುಂಟುತ್ತಾ, ಕೈಯಲ್ಲಿ ಹ್ಯಾಟು ಹಿಡಿದು ತಿರುಗಲಿ.

ನಾಟಕದಮೇಷ್ಟ್ರು:
ಕೋಲಿಗೆ ಪಿವಿಸಿ ಪೈಪ್ ನಡೆಯುತ್ತಾ?

ಮೂಕಿಪ್ರಿಯ:
ಬೇಡ ಸರ್. ಊರಿ ನಿಂತಾಗ ಬಳುಕಬೇಕು, ಪೈಪ್ ಸೆಟೆದು ನಿಲ್ಲುತ್ತೆ. 10 ಮಿ.ಮೀ. ದಪ್ಪದ ಬೆತ್ತ ತಗೊಳ್ಳಿ. ರಾತ್ರಿಯಿಡೀ ನೆನೆಸಿ, ತುದಿಗೆ ಹಬೆ ಕೊಟ್ಟು ಬಗ್ಗಿಸಿ, ಹುರಿಯಲ್ಲಿ ಕಟ್ಟಿ ಪೂರ್ತಿ ಒಣಗಿದ ಮೇಲೆ ಬಿಚ್ಚಿ.