ಅಮೆರಿಕದಿಂದ ಸ್ಪೂಲ್ ಡೆಕ್ ತರಿಸಿದರೆ ನಮ್ಮ ಕರೆಂಟಿಗೆ ಸರಿಯಾಗಿ ಓಡುತ್ತಾ?

ಶ್ರುತಿಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ನಮ್ಮ ತಾತನಿಗೆ ಸ್ಪೂಲ್ ಟೇಪಿನ, ಅಂದರೆ ಚಕ್ರಕ್ಕೆ ಸುತ್ತಿದ ರೆಕಾರ್ಡಿಂಗ್ ಟೇಪಿನ, ಹುಚ್ಚು ಜಾಸ್ತಿ ಇತ್ತು. ಶನಿವಾರ ರಾತ್ರಿ ರೇಡಿಯೋದಲ್ಲಿ ಬರುತ್ತಿದ್ದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ, ಮನೆಗೆ ಬಂದ ವಿದ್ವಾಂಸರು ಹಾಡಿದ್ದು, ಅಜ್ಜಿಯ ಆರತಿ ಹಾಡು, ಎಲ್ಲವನ್ನೂ ಹಿಡಿದಿಟ್ಟಿದ್ದಾರೆ. ಅವರ ಗ್ರುಂಡಿಗ್ ಯಂತ್ರ ಯಾವಾಗಲೋ ಗುಜರಿಗೆ ಹೋಯಿತು. ಟೇಪುಗಳು ಮಾತ್ರ ಒಂದು ಟ್ರಂಕಿನ ತುಂಬ ಇವೆ. ಐದು ಇಂಚು, ಏಳು ಇಂಚಿನ ಸ್ಪೂಲುಗಳು. ಡಬ್ಬಿಗಳ ಮೇಲೆ ತಾತ ತಾವೇ "ಮಾನೊ, ಮೂರೂಮುಕ್ಕಾಲು" ಎಂದು ಬರೆದಿದ್ದಾರೆ.

ನ್ಯೂಜೆರ್ಸಿಯಲ್ಲಿರುವ ಅತ್ತೆ ಮಗ ಅಲ್ಲೊಂದು ಅಕಾಯ್ ಜಿಎಕ್ಸ್-4000ಡಿ ಡೆಕ್ (ಟೇಪು ಓಡಿಸುವ ಯಂತ್ರ) ನೋಡಿಟ್ಟಿದ್ದಾನೆ. ಡಿಸೆಂಬರಿಗೆ ಊರಿಗೆ ಬರುವಾಗ ತರುತ್ತಾನಂತೆ. ಅದು 120 ವೋಲ್ಟಿನದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಕಾ?

ಕಂಪ್ಯೂಟರಿಗೆ ಇಳಿಸಿ ಮುಗಿಸುವುದಷ್ಟೇ ನನ್ನ ಆಸೆ ಅಲ್ಲ. ಸಂಜೆ ಕೂತು ಟೇಪಿನಲ್ಲೇ ಕೇಳಬೇಕು, ನಾನೂ ರೆಕಾರ್ಡ್ ಮಾಡಬೇಕು. ಇನ್ನೊಂದು ವಿಷಯ: ಕೆಲವು ಡಬ್ಬಿ ತೆರೆದರೆ ವಿನೆಗರ್ ವಾಸನೆ ಹೊಡೆಯುತ್ತದೆ. ಅಂಥವನ್ನು ಹಾಕಬಹುದಾ?

ಕುಕ್ಕರಹಳ್ಳಿ:

ಮೊದಲು ಅತ್ತೆ ಮಗನಿಗೆ ಮೆಸೇಜ್ ಹಾಕಿ, ಇನ್ನೂ ದುಡ್ಡು ಕೊಡಬೇಡ ಅಂತ.

ವೋಲ್ಟೇಜ್ ಇಲ್ಲಿ ದೊಡ್ಡ ತಲೆನೋವಲ್ಲ. ಟ್ರಾನ್ಸ್‌ಫಾರ್ಮರ್ 230 ಅನ್ನು 120ಕ್ಕೆ ಇಳಿಸುತ್ತದೆ. ಆದರೆ ಅವರ ಕರೆಂಟು 60 ಹರ್ಟ್ಸ್, ನಮ್ಮದು 50. ಅದನ್ನು ಯಾವ ಟ್ರಾನ್ಸ್‌ಫಾರ್ಮರೂ ಬದಲಿಸುವುದಿಲ್ಲ. 4000ಡಿಯಲ್ಲಿ ಇರುವುದು ಒಂದೇ ಎಸಿ ಮೋಟಾರ್. ಅದು ಎಷ್ಟು ಜೋರಾಗಿ ತಿರುಗಬೇಕು ಅನ್ನುವುದನ್ನು ಹರ್ಟ್ಸೇ ತೀರ್ಮಾನಿಸುತ್ತದೆ. 60ಕ್ಕೆ ಮಾಡಿದ್ದನ್ನು ಇಲ್ಲಿ ಹಾಕಿದರೆ ಆರರಲ್ಲಿ ಐದು ಪಾಲು ವೇಗ ಮಾತ್ರ ಸಿಗುತ್ತದೆ. ಸೆಕೆಂಡಿಗೆ 19 ಸೆಂಟಿಮೀಟರ್ ಓಡಬೇಕಾದ ಟೇಪು 15.8ರ ಹತ್ತಿರ ಓಡುತ್ತದೆ.

ನಿಮ್ಮ ಹೆಸರು ನೋಡಿ ಶ್ರುತಿ ಲೆಕ್ಕದಲ್ಲೇ ಹೇಳುತ್ತೇನೆ. ಷಡ್ಜಕ್ಕೂ ಸಾಧಾರಣ ಗಾಂಧಾರಕ್ಕೂ ಎಷ್ಟು ಅಂತರವೋ ಅಷ್ಟು ಇಳಿಯುತ್ತದೆ. ಕಪ್ಪು ಒಂದರಲ್ಲಿ ಹಾಡಿದ್ದು ಕೆಳಗಿನ ಕಪ್ಪು ಐದಕ್ಕೆ ಬರುತ್ತದೆ. ಅಜ್ಜಿಯ ದನಿ ಗಂಡಸಿನ ದನಿಯಂತೆ ಕೇಳಿಸುತ್ತದೆ. ಕಂಪ್ಯೂಟರಿಗೆ ಇಳಿಸಿದ ಮೇಲೆ ಸಾಫ್ಟ್‌ವೇರಿನಲ್ಲಿ 1.2 ಪಟ್ಟು ವೇಗ ಹೆಚ್ಚಿಸಿ ಸರಿಮಾಡಬಹುದು, ನಿಜ. ಕೂತು ಕೇಳುವುದಕ್ಕೆ ಅದರಿಂದ ಏನು ಸುಖ?

ಹಾಗಾಗಿ ಅವನಿಗೆ ಡೆಕ್ಕಿನ ಹಿಂಭಾಗದ ಫೋಟೋ ಕಳಿಸಲು ಹೇಳಿ. "50/60" ಎಂದು ಇದ್ದರೆ ಹೊಂದಿಸುವ ದಾರಿ ಇದೆ ಎಂದರ್ಥ. ಕೆಲವದರಲ್ಲಿ ಸ್ವಿಚ್ ಇರುತ್ತದೆ, ಕೆಲವದರಲ್ಲಿ ಮೋಟಾರಿನ ಪುಲ್ಲಿ ಬದಲಿಸಬೇಕು. ಬರೀ "60" ಇದ್ದರೆ ಬಿಟ್ಟುಬಿಡಿ. ಯುರೋಪಿನಲ್ಲಿ ಯಾರಾದರೂ ಇದ್ದರೆ ಅಲ್ಲಿಂದ ತರಿಸಿ, ಅಲ್ಲೂ 230 ವೋಲ್ಟ್, 50 ಹರ್ಟ್ಸ್.

ಮಾಡೆಲ್ ಮಾತ್ರ ಒಳ್ಳೆಯದನ್ನೇ ಆರಿಸಿದ್ದಾನೆ. ಜಿಎಕ್ಸ್ ಅಂದರೆ ಗಾಜು ಮತ್ತು ಫೆರೈಟ್ ಸೇರಿಸಿ ಮಾಡಿದ ಹೆಡ್ (ಟೇಪಿಗೆ ಸದ್ದು ಬರೆಯುವ, ಅದನ್ನು ಓದುವ ಭಾಗ). ಬೇರೆ ಹೆಡ್‌ಗಳ ಹಾಗೆ ಬೇಗ ಸವೆಯುವುದಿಲ್ಲ. ಮೂರು ಹೆಡ್ ಇರುವುದರಿಂದ ರೆಕಾರ್ಡ್ ಆಗುತ್ತಿರುವಾಗಲೇ ಟೇಪಿಗೆ ಏನು ಇಳಿಯಿತು ಅಂತ ಕೇಳಬಹುದು. ಸ್ವಿಚ್ಚನ್ನು ಒಳಬರುವ ಸದ್ದು ಕೇಳಿಸುವ ಸೋರ್ಸ್‌ನಿಂದ ಟೇಪಿಗೆ ತಿರುಗಿಸಿದರೆ ಅದೇ ಮಾತು ಚೂರು ತಡವಾಗಿ ಬರುತ್ತದೆ. ನನಗೆ ಈ ಹವ್ಯಾಸ ಅಂಟಿದ್ದೇ ಆ ಚೂರು ತಡದಿಂದ. ಆಡಿದ ಮಾತು ಒಂದು ಹೆಡ್ಡಿನಲ್ಲಿ ಟೇಪು ಹತ್ತಿ, ಎರಡು ಬೆರಳು ದೂರ ಹೋಗಿ, ಇನ್ನೊಂದರಲ್ಲಿ ಇಳಿದು ಬರುತ್ತದೆ. ಅದು ಕಣ್ಣೆದುರೇ ನಡೆಯುತ್ತದೆ.

ಸ್ಟುಟ್‌ಗಾರ್ಟ್ ಕನ್ನಡಿಗ:

ಯುರೋಪಿನ ಮಾತು ಬಂತಲ್ಲ, ರೆವಾಕ್ಸ್ ಎ77 ನೋಡಿ. ಸ್ವಿಟ್ಜರ್ಲೆಂಡಿನ ವಿಲ್ಲಿ ಸ್ಟೂಡರ್ ಅವರ ಕಂಪನಿ 1967ರಲ್ಲಿ ತಂದದ್ದು. ಇಲ್ಲಿ ಈಗಲೂ ಸಿಗುತ್ತದೆ. ಅದರ ಕ್ಯಾಪ್‌ಸ್ಟನ್ (ಟೇಪು ಎಳೆಯುವ ಕಡ್ಡಿ) ಮೋಟಾರಿನ ವೇಗವನ್ನು ಒಂದು ಎಲೆಕ್ಟ್ರಾನಿಕ್ ಸರ್ಕ್ಯೂಟ್ ಕಾಯುತ್ತದೆ. 50 ಆದರೂ 60 ಆದರೂ ಶ್ರುತಿ ಕದಲುವುದಿಲ್ಲ.

ಎರಡು ವಿಷಯ ಕೇಳಿಕೊಳ್ಳಿ. ಒಂದು, 9.5 ಮತ್ತು 19ರ ವೇಗದ ಮಾಡೆಲ್ಲೇ ಆಗಿರಲಿ. ತಾತ ಬರೆದ ಮೂರೂಮುಕ್ಕಾಲು ಅಂದರೆ ಸೆಕೆಂಡಿಗೆ ಅಷ್ಟು ಇಂಚು, ಅಂದರೆ 9.5 ಸೆಂಟಿಮೀಟರ್. 19 ಮತ್ತು 38ರದ್ದು ತಂದರೆ ಆ ಟೇಪು ಸರಿಯಾದ ವೇಗದಲ್ಲಿ ಓಡುವುದಿಲ್ಲ. ಇನ್ನೊಂದು, ಬಹಳ ಕಾಲ ಮೂಲೆಯಲ್ಲಿ ಬಿದ್ದಿದ್ದರೆ ನೇರವಾಗಿ ಪ್ಲಗ್ ಹಾಕಬೇಡಿ. ಆ ಕಾಲದ ಪೇಪರ್ ಕೆಪಾಸಿಟರುಗಳ ಮೈ ಬಿರುಕು ಬಿಟ್ಟು ತೇವ ಹೀರಿಕೊಂಡಿರುತ್ತದೆ. ಕರೆಂಟು ಕೊಟ್ಟ ಸ್ವಲ್ಪ ಹೊತ್ತಿಗೆ ದಟ್ಟ ಹೊಗೆ ಬರುತ್ತದೆ. ಮೊದಲು ಅವನ್ನು ಬದಲಿಸಿ. ಡೆಕ್ಕು ಹತ್ತಿರತ್ತಿರ 15 ಕೆಜಿ ಇದೆ, ಲಗೇಜಿನ ಲೆಕ್ಕ ಹಾಕಿಕೊಳ್ಳಿ.

ಶ್ರುತಿಪೆಟ್ಟಿಗೆ:

ತುಂಬಾ ಥ್ಯಾಂಕ್ಸ್. ಫೋಟೋ ಬಂತು, ಪ್ಲೇಟಿನ ಮೇಲೆ "60" ಅಂತ ಮಾತ್ರ ಇದೆ. ಬೇಡ ಅಂದುಬಿಟ್ಟೆ. ಎ77 ಹುಡುಕುತ್ತೇನೆ. ಅದರಲ್ಲಿ ಎರಡು ಟ್ರ್ಯಾಕ್, ನಾಲ್ಕು ಟ್ರ್ಯಾಕ್ ಅಂತ ಬೇರೆ ಬೇರೆ ಕಾಣಿಸುತ್ತಿವೆ. ಯಾವುದು ತಗೊಳ್ಳಲಿ?

ಕುಕ್ಕರಹಳ್ಳಿ:

ನಾಲ್ಕು ಟ್ರ್ಯಾಕಿನದೇ ತಗೊಳ್ಳಿ. ಟ್ರ್ಯಾಕ್ ಅಂದರೆ ಟೇಪಿನ ಉದ್ದಕ್ಕೂ ಸದ್ದು ದಾಖಲಾಗುವ ಪಟ್ಟಿ. ತಾತನ ಮಾನೊ ಟೇಪಿನಲ್ಲಿ ಬಹುಶಃ ಮೇಲಿನ ಅರ್ಧ ಒಂದು ಬದಿ, ಕೆಳಗಿನ ಅರ್ಧ ಇನ್ನೊಂದು ಬದಿ. ನಾಲ್ಕು ಟ್ರ್ಯಾಕಿನ ಸ್ಟೀರಿಯೋ ಹೆಡ್ಡಿನಲ್ಲಿ ಎಡ ಸ್ಪೀಕರಿನಲ್ಲಿ ಕಚೇರಿ ಸರಿಯಾಗಿ ಬರುತ್ತದೆ. ಬಲಗಡೆ ಇನ್ನೊಂದು ಬದಿ ಹಿಂದುಮುಂದಾಗಿ ಕೇಳುತ್ತದೆ. ಗಾಬರಿ ಬೇಡ, ಟೇಪು ಕೆಟ್ಟಿಲ್ಲ. ಬಲಗಡೆಯ ಚಾನೆಲ್ ಬಂದ್ ಮಾಡಿ, ಎಡದ್ದನ್ನೇ ಎರಡೂ ಸ್ಪೀಕರಿಗೆ ಕೊಡಿ. ಮುಂದೆ ನಾಲ್ಕು ಟ್ರ್ಯಾಕಿನ ಟೇಪು ಸಿಕ್ಕರೆ ಅದೂ ಓಡುತ್ತದೆ. ಎರಡು ಟ್ರ್ಯಾಕಿನ ಡೆಕ್ಕಿನಲ್ಲಿ ಅಂಥ ಟೇಪು ಹಾಕಿದರೆ ಎರಡೂ ಬದಿ ಒಟ್ಟಿಗೆ ಕೇಳುತ್ತವೆ, ಏನೂ ಮಾಡಲಾಗುವುದಿಲ್ಲ.

ವಿನೆಗರ್ ವಾಸನೆ ಅಂದಿರಲ್ಲ. ಸ್ಪೂಲನ್ನು ಕಿಟಕಿ ಬೆಳಕಿಗೆ ಅಡ್ಡ ಹಿಡಿಯಿರಿ. ಸುತ್ತಿದ ಟೇಪಿನ ಒಳಗಿಂದ ಬೆಳಕು ಹಾಯ್ದರೆ ಅದು ಅಸಿಟೇಟ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕಿನ ಟೇಪು. ಪಾಲಿಯೆಸ್ಟರ್ ಆದರೆ ಕಪ್ಪಗೆ ಕಾಣುತ್ತದೆ. ಅಸಿಟೇಟ್ ಹಳತಾಗಿ ಕೆಡುವಾಗ ಬರುವ ವಾಸನೆ ಅದು. ಅಂಥವನ್ನು ಈಗಲೇ ಬೇರೆ ಡಬ್ಬಿಗೆ ಹಾಕಿ, ಆ ವಾಸನೆ ಪಕ್ಕದ ಟೇಪನ್ನೂ ಕೆಡಿಸುತ್ತದೆ. ಡೆಕ್ಕು ಬಂದ ಮೇಲೆ ಮೊದಲು ಕಾಪಿ ಮಾಡಬೇಕಾದವೂ ಅವೇ. ಜೋರಾಗಿ ರಿವೈಂಡ್ ಮಾಡಬೇಡಿ, ಗರಿಗರಿಯಾಗಿ ಒಣಗಿರುತ್ತವೆ. ತುಂಡಾದರೆ ನೀಟಾಗಿ ತುಂಡಾಗುತ್ತದೆ, ಸ್ಪ್ಲೈಸಿಂಗ್ ಟೇಪಿನಲ್ಲಿ ಅಂಟಿಸಬಹುದು. ಮಾಮೂಲಿ ಸೆಲೋಟೇಪ್ ಹಚ್ಚಬೇಡಿ, ಅದರ ಗೋಂದು ಜಿನುಗಿ ಪಕ್ಕದ ಸುತ್ತಿಗೆ ಹಿಡಿಯುತ್ತದೆ.

ಟೇಪನ್ನು ಓವನ್ನಿನಲ್ಲಿ ಬೇಯಿಸಿದರೆ ಸರಿಹೋಗುತ್ತದೆ ಅಂತ ಇಂಟರ್ನೆಟ್ಟಿನಲ್ಲಿ ಓದುತ್ತೀರಿ. ಅದು 1970-80ರ ದಶಕದ ಕೆಲವು ಪಾಲಿಯೆಸ್ಟರ್ ಟೇಪುಗಳಿಗೆ. ಅವುಗಳ ಅಂಟು ತೇವ ಹೀರಿ ಜಿಗುಟಾಗಿ, ಹೆಡ್ಡಿಗೆ ಹತ್ತಿ ಕಿರುಚುತ್ತದೆ. ಅಸಿಟೇಟನ್ನು ಬಿಸಿ ಮಾಡಿದರೆ ಹಾಳಾಗಿಯೇ ಹೋಗುತ್ತದೆ. ಅಜ್ಜಿಯ ದನಿ ಇನ್ನೆಲ್ಲೂ ಸಿಗುವುದಿಲ್ಲ, ಅಲ್ವಾ?

ಇನ್ನೊಂದು ಮಾತು. ಕ್ಯಾಸೆಟ್ಟಿನಲ್ಲಿ ಹಿಂದಿನ ಪಟ್ಟಿ ಮುರಿದರೆ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಸ್ಪೂಲಿಗೆ ಅಂಥ ಕಾವಲು ಇಲ್ಲ. ತಾತನ ಟೇಪು ಹಾಕಿದಾಗ ರೆಕಾರ್ಡ್ ಬಟನ್ ಹತ್ತಿರ ಕೈ ಹೋಗದಿರಲಿ.

ಕಡಲಕರೆ:

ಕರಾವಳಿಯವರು ಓದುತ್ತಿದ್ದರೆ ಅಂತ ಸೇರಿಸುತ್ತಿದ್ದೇನೆ. ನಮ್ಮಲ್ಲಿ ಯಕ್ಷಗಾನದ ಹಳೆಯ ಸ್ಪೂಲುಗಳ ಅಂಚಿಗೆ ಮಳೆಗಾಲದಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ. ಅದನ್ನು ಹಾಗೆಯೇ ಓಡಿಸಿದರೆ ಬೂಷ್ಟು ಹೆಡ್ಡಿಗೂ ಹತ್ತುತ್ತದೆ, ಮುಂದಿನ ಟೇಪಿಗೂ ಹೋಗುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ಕೂತು, ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ.

ಶ್ರುತಿಪೆಟ್ಟಿಗೆ:

ಟ್ರಂಕಿನ ಟೇಪುಗಳನ್ನು ಬೇರೆ ಬೇರೆ ಮಾಡುವ ಕೆಲಸ ಇವತ್ತೇ ಶುರು. ಹೊಸ ಟೇಪು ಈಗ ಸಿಗುತ್ತಾ? ಮನೆಯಲ್ಲಿ ವೀಣೆ ಇದೆ, ಅದನ್ನೇ ಮೊದಲು ಹಿಡಿಯುವ ಆಸೆ.

ಕುಕ್ಕರಹಳ್ಳಿ:

ಸಿಗುತ್ತದೆ. ಫ್ರಾನ್ಸಿನ ರೆಕಾರ್ಡಿಂಗ್ ದ ಮಾಸ್ಟರ್ಸ್ ಕಂಪನಿಯ ಎಲ್‌ಪಿಆರ್35 ನಾನು ಬಳಸುತ್ತೇನೆ. ಏಳು ಇಂಚಿನ ಸ್ಪೂಲಿಗೆ 540 ಮೀಟರ್ ಹಿಡಿಯುತ್ತದೆ, 19ರ ವೇಗದಲ್ಲಿ 47 ನಿಮಿಷ. ದುಬಾರಿ ನಿಜ. ವೀಣೆಗೆ 19ರ ವೇಗವನ್ನೇ ಇಡಿ. 9.5ರಲ್ಲಿ ಮೀಟಿನ ಚುರುಕು ಮಂಕಾಗುತ್ತದೆ, ಹಿಂದಿನ ಸರಸರ ಸದ್ದೂ ಹೆಚ್ಚು.

ಓಡಿಸುವ ಮುಂಚೆ ಪ್ರತಿ ಸಲ ಹೆಡ್ಡು, ಗೈಡು, ಕ್ಯಾಪ್‌ಸ್ಟನ್ ಕಡ್ಡಿಯನ್ನು ಹತ್ತಿ ಸುತ್ತಿದ ಕಡ್ಡಿಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿ ಒರೆಸಿ. ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವ ತನಕ ಬದಲಿಸುತ್ತ ಹೋಗಿ. ರಬ್ಬರ್ ರೋಲರಿಗೆ ಮಾತ್ರ ಸೋಪಿನ ನೀರು ಸಾಕು.

ಟೇಪು ಹಾಕುವಾಗ ಅವಸರ ಬೇಡ. ತುದಿಯನ್ನು ಬಲಗಡೆಯ ಖಾಲಿ ಸ್ಪೂಲಿಗೆ ಬೆರಳಲ್ಲಿ ಒತ್ತಿ ಹಿಡಿದು ಒಂದೆರಡು ಸುತ್ತು ಸುತ್ತಿ, ಸಡಿಲ ತೆಗೆದು, ಆಮೇಲೆ ಪ್ಲೇ ಒತ್ತಿ. ನನ್ನ ಹತ್ತಿರ ಒಂದು ಮನೆ ಕಚೇರಿಯ ಟೇಪಿದೆ. ಹಾಡಿಗಿಂತ ಮುಂಚೆ ಆ ಕೋಣೆಯೇ ಕೇಳಿಸುತ್ತದೆ. ಯಾರೋ ಚಾಪೆ ಎಳೆದದ್ದು, ತಂಬೂರಿಯ ಬಿರಡೆ ಕಿರ್ರೆಂದದ್ದು, ಪಂಚಮ ಚೂರುಚೂರೇ ಏರಿ ಸರಿಯಾಗಿ ಕೂತದ್ದು. ತಾತನ ಟೇಪುಗಳಲ್ಲೂ ಇಂಥದ್ದು ಖಂಡಿತ ಇರುತ್ತದೆ. ಕಾಪಿ ಮಾಡುವಾಗ ಶುರುವಿನ ಈ ಸದ್ದುಗಳನ್ನು ಕತ್ತರಿಸಬೇಡಿ.

ಕೇಳಿ ಮುಗಿದ ಮೇಲೆ ರಿವೈಂಡ್ ಮಾಡದೆ ಹಾಗೆಯೇ ಡಬ್ಬಿಗೆ ಹಾಕಿ. ಒಂದು ಸುತ್ತಿನ ಸದ್ದು ಪಕ್ಕದ ಸುತ್ತಿಗೆ ಅಚ್ಚೊತ್ತುತ್ತದೆ. ಹೀಗಿಟ್ಟರೆ ಅದರ ಜೋರು ಭಾಗ ಸ್ವರದ ಹಿಂದೆ ಬಂದು ಅದರಲ್ಲೇ ಮುಚ್ಚಿಹೋಗುತ್ತದೆ. ಮುಂದಿನ ಸಲ ಕೇಳುವ ದಿನವೇ ರಿವೈಂಡ್ ಮಾಡಿಕೊಳ್ಳಿ. ಎ77 ಸಿಕ್ಕರೆ ಹೆಡ್ಡಿನ ಹತ್ತಿರದ ಫೋಟೋ ಇಲ್ಲಿ ಹಾಕಿ, ಎಷ್ಟು ಸವೆದಿದೆ ಅಂತ ನೋಡಿ ಹೇಳುತ್ತೇನೆ.